ಯೋಹಾನನ ಕೈ ನೋಡಲು ಹೊನ್ನಾಳಿ ಹೊಳೆಗೆ ಹೋದದ್ದು

ಮಾಘ ಮಾಸದ ಒಂದು ಗುರುವಾರ ಬೆಳಗಿನ ಆರೂಕಾಲಿಗೆ ಚನ್ನಗಿರಿಯಿಂದ ಹೊರಟೆ. ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಮೂರು ಸೀರೆ, ಟವೆಲ್ಲು, ಬುತ್ತಿಗೆ ಕಟ್ಟಿಕೊಂಡ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ. ಇನ್ನೊಂದರಲ್ಲಿ ಮುನ್ನೂರು ಪುಟ ದಾಟಿದ ನನ್ನ ಪಿಎಚ್‌ಡಿ ಪ್ರಬಂಧ. ಬಸ್ಸು ಸರ್ಕಾರದ್ದು, ಹೆಂಗಸರಿಗೆ ಶೂನ್ಯ ಟಿಕೆಟ್ಟು. ಆಧಾರ್ ಕಾರ್ಡು ನೋಡಿದ ಕಂಡಕ್ಟರ್, ‘ಇಷ್ಟು ಬೇಗ ಎಲ್ಲಿಗೆ ಹೊಂಟೀರಿ ಮೇಡಂ?’ ಎಂದ. ‘ಜನ ನೀರಾಗೆ ಹೆಂಗೆ ಮುಳುಗ್ತಾರೆ ಅಂತ ನೋಡಾಕೆ’ ಎಂದೆ. ಆತ ಟಿಕೆಟ್ಟು ಹರಿದುಕೊಟ್ಟು ಮುಂದಿನ ಸೀಟಿಗೆ ಹೋದ.

ನಾನು ಪಿಯು ಕಾಲೇಜಿನಲ್ಲಿ ಇಪ್ಪತ್ತೇಳು ವರ್ಷದಿಂದ ಇತಿಹಾಸ ಹೇಳುವವಳು. ಈ ಪ್ರಯಾಣಕ್ಕೆ ನನ್ನನ್ನು ಹೊರಡಿಸಿದವನು ಎರಡು ಸಾವಿರ ವರ್ಷದ ಹಿಂದಿನ ಒಬ್ಬ ಮನುಷ್ಯ. ಹೆಸರು ಯೋಹಾನ, ಕನ್ನಡದ ಕ್ರೈಸ್ತರು ಸ್ನಾನಿಕನಾದ ಯೋಹಾನ ಎನ್ನುತ್ತಾರೆ. ಒಂಟೆ ಕೂದಲಿನ ಬಟ್ಟೆ ಉಟ್ಟು, ಮಿಡತೆ ಮತ್ತು ಕಾಡುಜೇನು ತಿಂದುಕೊಂಡು ಅಡವಿಯಲ್ಲಿದ್ದವನು. ಬದುಕು ತಿದ್ದಿಕೊಳ್ಳಿ ಎಂದು ಜನಕ್ಕೆ ಹೇಳಿ ಯೊರ್ದನ್ ಹೊಳೆಗೆ ಇಳಿಸುತ್ತಿದ್ದ. ಯೇಸುವೂ ಅವನ ಬಳಿಯೇ ನೀರಿಗಿಳಿದ. ಕೊನೆಗೆ ಅಲ್ಲಿಯ ಅರಸ ಅವನ ತಲೆ ತೆಗೆಸಿದ. ‘ನಿನಗೂ ಆ ಹೊಳೆಗೂ ಏನೇ ನಂಟು?’ ಎಂದು ನಮ್ಮ ಮನೆಯವರು ಏಳು ವರ್ಷದಿಂದ ಕೇಳುತ್ತಿದ್ದಾರೆ. ನಂಟಿಲ್ಲ, ಹಟವಿದೆ.

ಈ ಯೋಹಾನ ಯಾರಿಗೆ ಸೇರಿದವನು ಎಂಬುದೇ ಜಗಳ. ಯೇಸುವಿಗೆ ದಾರಿ ಮಾಡಲು ಬಂದವನು, ಹೊಸ ಧರ್ಮ ಶುರುವಾಗುವುದೇ ಅವನಿಂದ ಎನ್ನುವವರು ಒಂದು ಕಡೆ. ಅಲ್ಲ, ಅವನು ಹಳೆಯ ಯೆಹೂದಿ ಪ್ರವಾದಿಗಳ ಸಾಲಿನವನು, ಅವನಿಗೆ ಅವನದೇ ಶಿಷ್ಯರಿದ್ದರು, ಆಮೇಲೆ ಬಂದವರು ಅವನನ್ನು ತಮ್ಮ ಕಥೆಯ ಬಾಗಿಲಿಗೆ ನಿಲ್ಲಿಸಿಕೊಂಡರು ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯ ಗುಂಪಿನವಳು. ಹಳೆಯ ಯೆಹೂದಿಗಳಲ್ಲೂ ಮೈಲಿಗೆ ಕಳೆಯಲು ನೀರಲ್ಲಿ ಮುಳುಗುವುದಿತ್ತು. ಆದರೆ ಅವರು ತಾವೇ ಮುಳುಗುತ್ತಿದ್ದರು, ಬೇಕಾದಷ್ಟು ಸಲ ಮುಳುಗುತ್ತಿದ್ದರು. ಕ್ರೈಸ್ತರಲ್ಲಿ ಬಾಳಿಗೆ ಒಂದೇ ಸಲ, ಅದೂ ಇನ್ನೊಬ್ಬರ ಕೈಯಿಂದ. ಹಾಗಾದರೆ ಯೋಹಾನ ಪಕ್ಕದಲ್ಲಿ ಸಾಕ್ಷಿಯಾಗಿ ನಿಂತಿದ್ದನೋ, ತಲೆಯ ಮೇಲೆ ಕೈಯಿಟ್ಟು ಮುಳುಗಿಸುತ್ತಿದ್ದನೋ? ಕೈ ಇಟ್ಟಿಲ್ಲವಾದರೆ ಅವನು ಹಳಬರವನು, ಇಟ್ಟಿದ್ದರೆ ಹೊಸಬರವನು. ಇಟ್ಟಿಲ್ಲ ಎಂದು ನನ್ನ ನಾಲ್ಕನೇ ಅಧ್ಯಾಯ ಐವತ್ತೆಂಟು ಪುಟ ವಾದಿಸುತ್ತದೆ. ಇಡೀ ಪ್ರಬಂಧ ನಿಂತಿರುವುದೇ ಅದರ ಮೇಲೆ.

ಆ ಅಧ್ಯಾಯದಲ್ಲಿ ಒಂದು ಸಾಲು ಬರೆದಿದ್ದೆ: ನಮ್ಮ ಸೀಮೆಯ ಕೆರೆ ಹೊಳೆಗಳಲ್ಲಿಯೂ ಪುಣ್ಯಕ್ಕೆಂದು ಮುಳುಗುವವರು ತಾವೇ ಮುಳುಗುತ್ತಾರೆ, ಒಬ್ಬರನ್ನು ಇನ್ನೊಬ್ಬರು ಮುಳುಗಿಸುವುದಿಲ್ಲ, ಇನ್ನೊಬ್ಬರ ಕೈ ಬರುವುದು ಹೊಸ ಧರ್ಮದ ಅಧಿಕಾರ ಬಂದಾಗ ಮಾತ್ರ. ವಿಶ್ವವಿದ್ಯಾಲಯಕ್ಕೆ ಕೊಡುವ ಮೊದಲು ನನಗೆ ಎಂಎಯಲ್ಲಿ ಪಾಠ ಹೇಳಿದ್ದ ತಿಪ್ಪೇಸ್ವಾಮಿ ಮೇಷ್ಟ್ರಿಗೆ ಕಳಿಸಿದ್ದೆ. ನಿವೃತ್ತರಾಗಿ ಜಗಳೂರಿನಲ್ಲಿದ್ದಾರೆ. ಯೋಹಾನ ಕೈ ಇಟ್ಟೇ ಮುಳುಗಿಸಿದ ಎಂದು ಮೂವತ್ತು ವರ್ಷದಿಂದ ಬರೆಯುತ್ತ ಬಂದವರು. ಅವರು ಐವತ್ತೆಂಟು ಪುಟದಲ್ಲಿ ಬೇರೆಲ್ಲೂ ಗೆರೆ ಎಳೆಯದೆ, ಈ ಒಂದು ಸಾಲಿನ ಪಕ್ಕ ಪೆನ್ಸಿಲಿನಲ್ಲಿ ‘ನೋಡಿದ್ದೀಯಾ?’ ಎಂದು ಬರೆದು ವಾಪಸು ಕಳಿಸಿದ್ದರು. ನೋಡಿರಲಿಲ್ಲ. ಎಲ್ಲರಿಗೂ ಗೊತ್ತಿರುವುದಲ್ಲವೇ ಎಂದು ಬರೆದದ್ದು. ಪ್ರಬಂಧ ಒಪ್ಪಿಸಲು ಇನ್ನು ಹನ್ನೊಂದು ದಿನವಿತ್ತು, ಮತ್ತೆ ಅವಧಿ ಕೇಳುವ ಹಾಗಿರಲಿಲ್ಲ. ಮೂರು ದಿನ ರಜೆ ಹಾಕಿದೆ. ನೋಡಿ, ಫೋಟೋ ಹಿಡಿದು, ಜಗಳೂರಿಗೇ ಹೋಗಿ ಮೇಷ್ಟ್ರ ಮುಂದೆ ಇಟ್ಟು ಬರುವುದೆಂದು ಹೊರಟದ್ದು.

ಮೊದಲು ಸೂಳೆಕೆರೆಗೆ. ಅದು ನನ್ನ ತಾಯಿಯ ತವರು, ನಾನು ಈಜು ಕಲಿತ ನೀರು. ಏರಿಯ ಮೇಲೆ ಇಳಿದಾಗ ಮಂಜು ಇನ್ನೂ ನೀರಿಂದ ಬಿಟ್ಟಿರಲಿಲ್ಲ, ಆಚೆ ದಡ ಕಾಣುತ್ತಿರಲಿಲ್ಲ. ಮೀನಿನವರ ಎರಡು ತೆಪ್ಪ ಆಗಲೇ ವಾಪಸು ಬರುತ್ತಿದ್ದವು. ಮೆಟ್ಟಿಲ ಬಳಿ ನಾಲ್ಕು ಹೆಂಗಸರು ಮೂಗು ಹಿಡಿದು ಮೂರು ಮೂರು ಮುಳುಗು ಹಾಕಿ, ಸೂರ್ಯನಿಗೆ ಕೈಮುಗಿದು ಹತ್ತಿದರು. ಯಾರೂ ಯಾರನ್ನೂ ಮುಟ್ಟಲಿಲ್ಲ. ನಾನೂ ಚಳಿಗೆ ಹಲ್ಲು ಕಚ್ಚಿಕೊಂಡು ಇಳಿದು ಮೂರು ಸಲ ಮುಳುಗಿ ಎದ್ದೆ. ಮೇಷ್ಟ್ರೇ, ನೋಡಿದೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಒದ್ದೆ ಕೂದಲಲ್ಲೇ ರೊಟ್ಟಿ ತಿಂದೆ, ಬಲು ರುಚಿಯಾಗಿತ್ತು.

ಎರಡು ಬಸ್ಸು ಬದಲಿಸಿ ಸಾಸ್ವೆಹಳ್ಳಿ ಮುಟ್ಟುವಾಗ ಹನ್ನೊಂದು ದಾಟಿತ್ತು. ಅಲ್ಲಿಂದ ಹೊನ್ನಾಳಿಗೆ ಖಾಸಗಿ ಬಸ್ಸು, ಮೂವತ್ತು ರೂಪಾಯಿ. ಎಡಬಲ ಭತ್ತದ ನಾಟಿ ಮುಗಿದ ಗದ್ದೆ. ಹೊನ್ನಾಳಿ ಸೇತುವೆಯ ಮೇಲೆ ಇಣುಕಿದರೆ ತುಂಗಭದ್ರೆ ಬೇಸಿಗೆಗೆ ಮೊದಲೇ ಮೈ ಇಳಿಸಿಕೊಂಡು ಬಂಡೆಗಳ ನಡುವೆ ಹರಿಯುತ್ತಿದ್ದಳು. ಹೊಳೆಗಿಳಿದು ಎರಡು ಗಂಟೆ ಕೂತೆ. ಬಟ್ಟೆ ಒಗೆಯುವವರು ಬಂದರು, ಹರಕೆಯವರು ಬಂದರು, ಎಲ್ಲರೂ ತಾವೇ ಮುಳುಗಿದರು. ಹನ್ನೆರಡು ಫೋಟೋ ಹಿಡಿದೆ. ಮೇಲೆ ಬಂದು ಚಹಾದಂಗಡಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದಾಗ ಅಂಗಡಿಯವರು, ‘ಹೊಳೆಪೂಜೆ ನೋಡಾಕೆ ಬಂದಿದ್ರೆ ನಾಳೆ ಬರ್ರಿ ಮೇಡಂ, ಬಿಳಿಚೋಡು ಕಡೆಯೋರು ದೇವ್ರು ತರ್ತಾರೆ’ ಎಂದರು. ಬಿಳಿಚೋಡು ಜಗಳೂರು ತಾಲ್ಲೂಕಿನದು, ಹೊಳೆಯಿಲ್ಲದ ಸೀಮೆ. ಅಲ್ಲಿಯವರು ಕೆಲವು ವರ್ಷಕ್ಕೊಮ್ಮೆ ಊರ ದೇವರನ್ನು ಇಷ್ಟು ದೂರ ತಂದು ಹೊಳೆಯಲ್ಲಿ ಮೀಯಿಸಿಕೊಂಡು ಹೋಗುತ್ತಾರೆ. ಇರಲಿ, ಒಂದು ಫೋಟೋ ಹೆಚ್ಚಾಗುತ್ತದೆ ಎಂದುಕೊಂಡೆ.

ರಾತ್ರಿ ತಂಗಲು ಹದಿನೈದು ಕಿಲೋಮೀಟರು ಆಚೆ ನ್ಯಾಮತಿಯಲ್ಲಿ ಗೆಳತಿಯ ಮನೆಯಿತ್ತು. ಅವಳ ಓಣಿಯಲ್ಲೇ ಸಣ್ಣದೊಂದು ಕ್ರೈಸ್ತ ಸಭೆಯ ಹಿರಿಯರಿದ್ದರು, ದೇವದಾನಪ್ಪ. ಎಪ್ಪತ್ತು ದಾಟಿದವರು, ಮೊದಲು ಮರಗೆಲಸ ಮಾಡುತ್ತಿದ್ದವರು. ಸಂಜೆ ಐದಕ್ಕೆ ಹೋಗಿ ಕಂಡೆ. ಹಿತ್ತಲಲ್ಲಿ ದೀಕ್ಷಾಸ್ನಾನಕ್ಕೆಂದು ಕಟ್ಟಿಸಿದ ಸಿಮೆಂಟು ತೊಟ್ಟಿ ತೋರಿಸಿದರು. ಬೆನ್ನ ಹಿಂದೆ ಒಂದು ಕೈ, ಎದೆಯ ಮೇಲೆ ಒಂದು ಕೈ ಇಟ್ಟು ಹಿಂದಕ್ಕೆ ಮಲಗಿಸಿದ ಹಾಗೆ ಮುಳುಗಿಸುವುದಂತೆ.

‘ಯೋಹಾನನೂ ಹಿಂಗೇ ಮಾಡಿದ್ದು’ ಎಂದರು.

‘ಅದು ಹೆಂಗೆ ಗೊತ್ತು ನಿಮಗೆ?’

‘ನಮ್ಮಪ್ಪಾರು ಹಿಂಗೇ ಮಾಡೋರು.’

ನನಗೆ ನಗು ತಡೆಯಲಾಗಲಿಲ್ಲ. ಅವರು ಬೇಸರ ಮಾಡಿಕೊಳ್ಳದೆ, ‘ಮಾಡಿಲ್ಲ ಅಂತ ನಿಮಗೆ ಹೆಂಗೆ ಗೊತ್ತಾತವ್ವಾ?’ ಎಂದು ಕೇಳಿದರು. ಪುಸ್ತಕದಿಂದ ಎಂದೆ. ‘ಒಳ್ಳೇದು’ ಎಂದು ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ಕ್ರೈಸ್ತನಾದವನು ಹೀಗಲ್ಲದೆ ಇನ್ನು ಹೇಗೆ ಹೇಳಿಯಾನು ಎಂದು ಅಂದಿನ ಟಿಪ್ಪಣಿಯಲ್ಲಿ ಬರೆದುಕೊಂಡೆ. ಆ ಸಾಲನ್ನು ಈಗ ಓದಿದರೆ ನಾಚಿಕೆಯಾಗುತ್ತದೆ.

ಶುಕ್ರವಾರ ಎಂಟು ಗಂಟೆಗೆ ಮತ್ತೆ ಹೊನ್ನಾಳಿ ಹೊಳೆಯಲ್ಲಿದ್ದೆ. ಬಿಳಿಚೋಡು ಕಡೆಯ ಲಾರಿ, ಎರಡು ಟ್ರ್ಯಾಕ್ಟರು ಆಗಲೇ ಬಂದು ನಿಂತಿದ್ದವು. ದಡದಲ್ಲಿ ಮೂರು ಕಲ್ಲಿನ ಒಲೆ ಹೂಡಿ ಅನ್ನ ಬಸಿಯುತ್ತಿದ್ದರು. ದೇವರನ್ನು ಪೂಜಾರಿ ಮೀಯಿಸಿ ಮರಳ ಮೇಲೆ ಕೂರಿಸಿ ಆಗಿತ್ತು. ಇನ್ನು ಜನ ಮುಳುಗಬೇಕು. ಅವರು ಆರಿಸಿಕೊಂಡ ಜಾಗ ನೋಡಿದರೆ, ಬಂಡೆಯ ಹಿಂದೆ ಸದ್ದಿಲ್ಲದೆ ನಿಂತಿದ್ದ ನೀರು. ಕೆರೆಯ ಮಗಳಾದ ನನಗೂ ಅದೇ ಸರಿ ಎನಿಸಿತ್ತು. ಅಷ್ಟರಲ್ಲಿ ಒಬ್ಬ ಮುದುಕರು ಬಲೆಯನ್ನು ಅಲ್ಲೇ ಬಿಟ್ಟು ಓಡಿ ಬಂದರು. ‘ಅಲ್ಲಿ ಬ್ಯಾಡ್ರಿ, ಆಚೆ ಬರ್ರಿ! ಸದ್ದು ಮಾಡೋ ನೀರಾಗೆ ಮೊಣಕಾಲುದ್ದ ಐತೆ. ಸುಮ್ಮನಿರೋ ನೀರಾಗೆ ಆಳುದ್ದ ಗುಂಡಿ ಐತೆ.’

ಅವರ ಹೆಸರು ಹಾಲೇಶಪ್ಪ. ಅಂಬಿಗರು. ಸೇತುವೆ ಇಲ್ಲದ ಕಾಲದಲ್ಲಿ ಅವರ ಹಿರಿಯರು ಇಲ್ಲಿ ಹರಿಗೋಲು ಹಾಕುತ್ತಿದ್ದರಂತೆ, ಇವರು ಮೀನು ಹಿಡಿಯುತ್ತಾರೆ. ಬಿಳಿಚೋಡಿನವರಿಗೆ ಪರಿಚಯದವರೇ ಇರಬೇಕು, ಎಲ್ಲರೂ ಸುಮ್ಮನೆ ಅವರ ಹಿಂದೆ ನಡೆದರು. ಹರಿವಿನ ಪಕ್ಕ ಸೊಂಟದುದ್ದ ನೀರಿನಲ್ಲಿ ಅವರು ಗಟ್ಟಿಯಾಗಿ ಕಾಲೂರಿ ನಿಂತರು. ಒಬ್ಬೊಬ್ಬರೇ ಇಳಿದರು. ಹಾಲೇಶಪ್ಪ ಎಡಗೈಯಲ್ಲಿ ಅವರ ಮಣಿಕಟ್ಟು ಹಿಡಿದು, ಬಲಗೈಯನ್ನು ನೆತ್ತಿಯ ಮೇಲಿಟ್ಟು, ‘ಉಸಿರು ಹಿಡೀರಿ’ ಎಂದು ಮುಳುಗಿಸಿ ಎತ್ತುತ್ತಿದ್ದರು. ಒಂದೇ ಒಂದು ಸಲ. ನಾನು ದಡದಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತ ಎಣಿಸಿದೆ. ಅರವತ್ತಮೂರು ತಲೆ, ಅರವತ್ತಮೂರಕ್ಕೂ ಅದೇ ಕೈ.

ಮೈ ಒರೆಸಿಕೊಳ್ಳುತ್ತಿದ್ದ ದುರ್ಗಮ್ಮ ಎಂಬವರನ್ನು ಕೇಳಿದೆ, ‘ನೀವೇ ಯಾಕೆ ಮುಳುಗಲ್ಲ?’

‘ನಮ್ಮೂರಾಗೆ ಮುಳುಗಾಕೆ ನೀರು ಎಲ್ಲೈತವ್ವಾ? ನಮಗೆ ಹೆದರಿಕೆ. ಇವ್ರು ಹಿಡಿದ್ರೆ ಧೈರ್ಯ.’

‘ಮತ್ತೆ ಒಂದೇ ಸಲ ಯಾಕೆ?’

‘ಸರದಿ ನಿಂತಾರಲ್ಲ, ನೋಡ್ರಿ.’ ಹಿಂದೆ ನಿಂತಿದ್ದ ಸಾಲನ್ನು ಗದ್ದದಿಂದಲೇ ತೋರಿಸಿದರು. ‘ಇನ್ನು ನಾವು ಬರೋದು ಯಾವಾಗೋ. ನಮ್ಮತ್ತೆನೂ ಇವರಪ್ಪನ ಕೈಲೇ ಮುಳುಗಿದ್ದು.’

ಹಾಲೇಶಪ್ಪ ದಡಕ್ಕೆ ಬಂದಾಗ, ನನಗೂ ಈಜು ಬರುತ್ತದೆ ಎಂದು ಮಾತು ತೆಗೆದು, ತಾವು ಮುಳುಗಿಸುವಾಗ ಏನಾದರೂ ಮಂತ್ರ ಹೇಳುತ್ತೀರಾ ಎಂದು ಕೇಳಿದೆ. ‘ನಾನೇನು ಪೂಜಾರಿ ಏನ್ರಿ? ಯಾರೂ ಹೊಳೆ ಪಾಲಾಗಬಾರದು, ಅಷ್ಟೇ’ ಎಂದು ಬಲೆ ಎತ್ತಿಕೊಂಡು ಹೋದರು.

ಬಿಳಿಚೋಡಿನವರು ಬಿಡದೆ ಊಟಕ್ಕೆ ಕೂರಿಸಿದರು. ಅನ್ನ, ಕುಂಬಳಕಾಯಿ ಸಾಂಬಾರು, ಗೋಧಿ ಪಾಯಸ. ಎಲೆಯ ಮುಂದೆ ಕೂತೆ. ನನ್ನ ಸಾಲು ಸುಳ್ಳಾಗಿತ್ತು. ಒಂದು ಸಾಲು ಸುಳ್ಳಾದರೆ ಅಳಿಸಿಬಿಡಬಹುದು. ಆದರೆ ಇನ್ನೊಬ್ಬರ ಕೈ ಬಂದರೆ ಹೊಸ ಧರ್ಮ ಬಂದಿತು ಎಂಬ ಅಳತೆಗೋಲಿನಿಂದಲೇ ನಾನು ಯೋಹಾನನನ್ನು ಅಳೆದದ್ದು. ಹಾಲೇಶಪ್ಪನವರ ಕೈಯಲ್ಲಿ ಹೊಸ ಧರ್ಮವೂ ಇರಲಿಲ್ಲ, ಅಧಿಕಾರವೂ ಇರಲಿಲ್ಲ. ಅಡವಿಯಿಂದ, ಒಣ ಬೆಟ್ಟಗಳಿಂದ ಯೊರ್ದನಿಗೆ ನಡೆದು ಬಂದವರಿಗೆ ನೀರಿನ ಹೆದರಿಕೆ ಇದ್ದಿರಬಹುದು, ಒಬ್ಬ ಗಟ್ಟಿಗ ಹಿಡಿದುಕೊಂಡಿರಬಹುದು, ದೂರದಿಂದ ಬಂದದ್ದರಿಂದ ಒಂದೇ ಸಲ ಮುಳುಗಿರಬಹುದು. ಇದೂ ಆಗಿರಬಹುದು, ಆಗಿಲ್ಲದಿರಲೂಬಹುದು. ಏಳು ವರ್ಷ ಗೋಡೆ ಎಂದು ಒರಗಿ ಕೂತದ್ದು ಬರೀ ಪರದೆಯಾಗಿತ್ತು.

ದಾವಣಗೆರೆಯ ಬಸ್ಸಿನಲ್ಲಿ ಕೂತಾಗ ಕೆಟ್ಟ ಯೋಚನೆಯೂ ಬಂತು, ಮುಚ್ಚಿಡುವುದಿಲ್ಲ. ಗುರುವಾರದ ಹನ್ನೆರಡು ಫೋಟೋ ಇವೆ. ಅವುಗಳಲ್ಲಿ ಎಲ್ಲರೂ ತಾವೇ ಮುಳುಗುತ್ತಿದ್ದಾರೆ. ಶುಕ್ರವಾರದ ವಿಡಿಯೋ ನನ್ನ ಮೊಬೈಲಿನಲ್ಲಿ ಮಾತ್ರ ಇದೆ. ಪರೀಕ್ಷಕರಲ್ಲಿ ಯಾರು ಹೊನ್ನಾಳಿಗೆ ಬಂದು ನೋಡುತ್ತಾರೆ? ಮಲೇಬೆನ್ನೂರು ದಾಟುವವರೆಗೂ ಬೆರಳು ಆ ವಿಡಿಯೋದ ಮೇಲೆಯೇ ಇತ್ತು. ಅಳಿಸಲಿಲ್ಲ. ಒಳ್ಳೆಯತನದಿಂದಲ್ಲ, ‘ನೋಡಿದ್ದೀಯಾ?’ ಎಂಬ ಪ್ರಶ್ನೆಗೆ ನೋಡಿಯೂ ಸುಳ್ಳು ಹೇಳಬೇಕಾಗುತ್ತದಲ್ಲ ಎಂಬ ಸಿಟ್ಟಿನಿಂದ.

ಆ ರಾತ್ರಿ ದಾವಣಗೆರೆಯಲ್ಲಿ ತಂಗಿಯ ಮನೆಯಲ್ಲಿದ್ದು, ಶನಿವಾರ ಏಳೂವರೆಗೆ ಜಗಳೂರಿನ ಬಸ್ಸು ಹಿಡಿದೆ. ಐವತ್ತು ಕಿಲೋಮೀಟರು ಹತ್ತಿರ. ದಾರಿಯ ಬಣ್ಣ ಹಸಿರಿನಿಂದ ಕಂದಿಗೆ ತಿರುಗುತ್ತ ಹೋಯಿತು. ಬಿಳಿಚೋಡಿನಲ್ಲಿ ಬಸ್ಸು ನಿಂತಾಗ ರಸ್ತೆ ಪೂರ್ತಿ ಕುರಿ, ಅವು ದಾಟುವವರೆಗೂ ಡ್ರೈವರ್ ಎಂಜಿನ್ ಆರಿಸಿ ಕೂತ. ಕಿಟಕಿಯಿಂದ ಎಷ್ಟು ಹುಡುಕಿದರೂ ಮುಳುಗುವಷ್ಟು ನೀರು ಕಾಣಲಿಲ್ಲ. ದುರ್ಗಮ್ಮನ ಮಾತು ನೆನಪಾಯಿತು.

ಮೇಷ್ಟ್ರು ಜಗುಲಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ‘ಬಾರಮ್ಮ. ಗೆದ್ದು ಬಂದೀಯೋ, ಸೋತು ಬಂದೀಯೋ?’ ಎಂದರು.

‘ಸೋತೆ ಸರ್. ಆದ್ರೆ ನೀವೂ ಗೆದ್ದಿಲ್ಲ’ ಎಂದು ವಿಡಿಯೋ ಹಚ್ಚಿ ಕೈಗೆ ಕೊಟ್ಟೆ.

ಕನ್ನಡಕ ಏರಿಸಿ ನೋಡಿದರು. ನಾನು ಪಕ್ಕದಲ್ಲಿ ನನ್ನ ವಾದ ಹೇಳುತ್ತಲೇ ಇದ್ದೆ. ಕೈ ಇಟ್ಟ ಮಾತ್ರಕ್ಕೆ ಹೊಸ ಧರ್ಮವಾಗುವುದಿಲ್ಲ, ಈ ಕೈ ಬರೀ ಕೈ, ಬೀಳದಂತೆ ಹಿಡಿಯುವ ಕೈ, ಹಾಗಾಗಿ ನಿಮ್ಮ ಮೂವತ್ತು ವರ್ಷದ ವಾದಕ್ಕೂ ಇದು ಸಾಕ್ಷಿಯಲ್ಲ, ಎಂದೆ. ವಿಡಿಯೋ ಮುಗಿಯಿತು. ಮತ್ತೆ ಮೊದಲಿನಿಂದ ಹಚ್ಚಿದರು. ಮೂರನೇ ಸಲ ನೋಡುವಾಗ ಅವರ ಬಲಗೈ ತಾನಾಗಿ ಮೇಲೆದ್ದು ಅವರದೇ ನೆತ್ತಿಯ ಮೇಲೆ ಕೂತಿತು.

‘ನಾನು ಬಿಳಿಚೋಡಿನೋನು, ಗೊತ್ತೈತಲ್ಲ ನಿನಗೆ?’ ಎಂದರು. ಗೊತ್ತಿತ್ತು. ಗೊತ್ತಿದ್ದೂ ಹೊಳೆದಿರಲಿಲ್ಲ. ‘ಏಳು ವರ್ಷದೋನು. ಎತ್ತಿನ ಗಾಡಿ ಕಟ್ಟಿಕೊಂಡು ಎರಡು ದಿನ ಹೋಗಿದ್ವಿ. ಅಂಬಿಗರು ಹಿಡಿದು ಮುಳುಗಿಸಿದ್ರು. ನೀರೊಳಗೆ ಕಣ್ಣು ಬಿಟ್ಟಿದ್ದೆ. ಸತ್ತೇ ಹೋದೆ ಅಂದ್ಕಂಡೆ. ಆ ಕೈ ಎತ್ತಿತು. ಅವತ್ತಿಂದ ನಾನು ಬ್ಯಾರೆ ಹುಡುಗ ಆದೆ ಅಂತ ನಮ್ಮವ್ವ ಹೇಳ್ತಿದ್ಲು.’ ಸುಲಿದ ಶೇಂಗಾವನ್ನು ಮೊರದಲ್ಲಿ ಅತ್ತಿತ್ತ ಸರಿಸಿದರು. ‘ಇದನ್ನ ಒಂದು ಕಡೆನೂ ಬರೀಲಿಲ್ಲ ಕಣಮ್ಮ. ನೆನಪೇ ಇರಲಿಲ್ಲ. ಯೋಹಾನ ಕೈ ಇಟ್ಟ, ಕೈ ಇಟ್ಟ ಅಂತ ಬರ್ದೆ, ಎಲ್ಲ ಗ್ರಂಥದಾಗೆ ಕಂಡದ್ದು ಅಂತಿದ್ದೆ.’

ಆಗ ನನಗೆ ಸೂಳೆಕೆರೆಯ ಮೆಟ್ಟಿಲು ಕಣ್ಣೆದುರು ಬಂತು. ನಾನು ಯಾರ ಕೈಯೂ ಇಲ್ಲದೆ ನೀರಿಗಿಳಿದು ಬೆಳೆದವಳು. ದೇವದಾನಪ್ಪನವರು ಅಪ್ಪ ಮಾಡಿದಂತೆ ಎಂದರೆ ನಕ್ಕಿದ್ದೆ. ಮೇಷ್ಟ್ರು ಬಿಳಿಚೋಡಿನ ಹುಡುಗ ಕಂಡದ್ದನ್ನು ಬರೆದರು, ನಾನು ಸೂಳೆಕೆರೆಯ ಹುಡುಗಿ ಕಂಡದ್ದನ್ನು ಬರೆದೆ. ಇಬ್ಬರೂ ಅಡಿಟಿಪ್ಪಣಿ ಹಾಕಿದ್ದೆವು, ದೇವದಾನಪ್ಪ ಹಾಕಿರಲಿಲ್ಲ. ವ್ಯತ್ಯಾಸ ಅಷ್ಟೇ.

‘ಈಗ ಏನು ಮಾಡ್ತೀಯ?’

‘ನಾಲ್ಕನೇ ಅಧ್ಯಾಯದ ತೀರ್ಮಾನ ತೆಗಿತೀನಿ. ಕೈ ಇತ್ತೋ ಇಲ್ಲವೋ ಗೊತ್ತಿಲ್ಲ, ಇದ್ದರೂ ಅದರಿಂದ ಅವನು ಯಾರವನು ಅಂತ ಹೇಳಾಕೆ ಬರಲ್ಲ ಅಂತ ಬರೀತೀನಿ.’

‘ಏಳು ವರ್ಷ ಮಾಡಿ ಗೊತ್ತಿಲ್ಲ ಅಂದ್ರೆ ತಿರಸ್ಕಾರ ಮಾಡ್ಬಹುದು.’

‘ಮಾಡ್ಲಿ ಸರ್. ಬರೆಯೋದು ಅದನ್ನೇ.’

ಅವರು ತಲೆಯಾಡಿಸಿದರು. ಪ್ರಬಂಧ ತೆರೆದು, ತಾವು ಬರೆದಿದ್ದ ‘ನೋಡಿದ್ದೀಯಾ?’ ಎಂಬುದರ ಕೆಳಗೆ ಪೆನ್ಸಿಲಿನಲ್ಲೇ ‘ನೋಡಿದಳು’ ಎಂದು ಬರೆದುಕೊಟ್ಟರು. ಮುದ್ದೆ, ಹುರುಳಿ ಸಾರು ಉಂಡು ಹನ್ನೆರಡರ ಬಸ್ಸು ಹಿಡಿದೆ.

ದಾವಣಗೆರೆಯಿಂದ ಚನ್ನಗಿರಿಗೆ ನೇರ ಬಸ್ಸು ನಿಂತಿತ್ತು. ನಾನು ಹೊನ್ನಾಳಿಯದನ್ನು ಹತ್ತಿದೆ. ಹೊಳೆ ಸೇರಿದಾಗ ನಾಲ್ಕು ಗಂಟೆಯ ಬಿಸಿಲು. ಹಾಲೇಶಪ್ಪ ಬಂಡೆಯ ಮೇಲೆ ಬಲೆ ಹೊಲಿಯುತ್ತಿದ್ದರು. ನನ್ನನ್ನೂ ಮುಳುಗಿಸಿ ಎಂದೆ.

‘ನಿಮಗೆ ಈಜು ಬರ್ತೈತೆ ಅಂದಿದ್ರಲ್ಲ ಮೇಡಂ. ನಿಮಗ್ಯಾಕೆ ಕೈ?’

‘ಬರೆಯೋಕೆ ಮುಂಚೆ ನೋಡಬೇಕು.’

ಸೂಜಿಯನ್ನು ಬಲೆಗೆ ಸಿಕ್ಕಿಸಿ ಎದ್ದು ಬಂದರು. ಸೊಂಟದುದ್ದ ನೀರಲ್ಲಿ ನನ್ನ ಮಣಿಕಟ್ಟು ಹಿಡಿದರು. ‘ಉಸಿರು ಹಿಡೀರಿ’ ಎಂದರು. ನೆತ್ತಿಯ ಮೇಲೆ ಒರಟು ಅಂಗೈ ಕೂತಿತು, ನೀರು ಕಿವಿ ಮುಚ್ಚಿತು. ಐವತ್ತು ವರ್ಷದಿಂದ ನಾನು ಸಾವಿರಾರು ಸಲ ಮುಳುಗಿದ್ದೇನೆ, ಪ್ರತಿ ಸಲವೂ ಮೇಲೇಳುವ ಹೊತ್ತು ನನ್ನದೇ. ಈ ಸಲ ಏಳಲು ಹೋದೆ, ಕೈ ಇನ್ನೂ ಅಲ್ಲೇ ಇತ್ತು. ಮಾಡುವುದೇನೂ ಉಳಿದಿರಲಿಲ್ಲ. ಹೆದರಿದೆ, ಆಮೇಲೆ ಹೆದರಿಕೆಯೂ ಬಿಟ್ಟುಹೋಯಿತು. ಅಷ್ಟರಲ್ಲಿ ಅವರು ಎತ್ತಿದರು. ಎರಡು ಕ್ಷಣವೂ ಆಗಿರಲಿಲ್ಲವಂತೆ. ದಡದಲ್ಲಿ ಕೂತು, ಯಾಕೆಂದು ತಿಳಿಯದೆ, ಸಣ್ಣವಳಂತೆ ಅತ್ತೆ. ಹಾಲೇಶಪ್ಪ ಬಲೆಯ ಬಳಿಗೆ ಹೋದರು.

ಬರೀ ಕೈ ಎಂದು ಬೆಳಿಗ್ಗೆ ತಾನೇ ಮೇಷ್ಟ್ರ ಜಗುಲಿಯಲ್ಲಿ ವಾದಿಸಿ ಬಂದಿದ್ದೆ. ಅದನ್ನೂ ಈಗ ತಿದ್ದಬೇಕಾಗಿತ್ತು, ಒಪ್ಪಿಸಲು ಉಳಿದದ್ದು ಎಂಟೇ ದಿನ. ಚನ್ನಗಿರಿಯ ಬಸ್ಸು ಸೇತುವೆ ಏರಿದಾಗ ಕಿಟಕಿಯಿಂದ ತಿರುಗಿ ನೋಡಿದೆ. ಯಾರೋ ಹೊಸಬರು ಸೀರೆ ಎತ್ತಿ ಕಟ್ಟಿ ಸುಮ್ಮನಿರುವ ನೀರಿನ ಕಡೆಗೇ ನಡೆದಿದ್ದರು. ಹಾಲೇಶಪ್ಪ ಬಲೆ ಬಿಟ್ಟು ಓಡುತ್ತಿದ್ದರು. ಚೀಲದಿಂದ ಪ್ರಬಂಧ ತೆಗೆದು, ಒದ್ದೆ ಕೈಯಲ್ಲೇ ನಾಲ್ಕನೇ ಅಧ್ಯಾಯದ ಕೊನೆಯ ಪುಟದ ತೀರ್ಮಾನಕ್ಕೆ ಅಡ್ಡಗೆರೆ ಎಳೆದೆ.